ಮನೇಲಿ ಅಂದರೆ ನಾನು

ನಮ್ಮ ಮನೆಗೆ ಎಳನೀರು ತರುವವರನ್ನು ನಾನು ನಂಬುವುದಿಲ್ಲ. ಮನೆಯ ಹಿಂದೆಯೇ ತೋಟ ಇದೆ. ಅಟ್ಟದ ಮೇಲೆ ಕೊಬ್ಬರಿಗೆಂದು ಹಾಕಿದ ಕಾಯಿ ಒಣಗುತ್ತಿರುತ್ತದೆ, ಹಿತ್ತಲಲ್ಲಿ ಕಾಲಿಟ್ಟರೆ ಕಾಯಿಮಟ್ಟೆ ಕಾಲಿಗೆ ತೊಡರುತ್ತದೆ. ಇಂಥ ಮನೆಗೆ ಒಬ್ಬ ಮನುಷ್ಯ ಬೈಕಿಗೆ ಎಳನೀರಿನ ಗೊನೆ ಕಟ್ಟಿಕೊಂಡು ಬರುತ್ತಾನೆ ಅಂದರೆ ಅವನಿಗೆ ಬೇರೆ ಏನೋ ಬೇಕಾಗಿದೆ. ‘ಸುಮ್ನೆ ತಂದೆ ಕಣಕ್ಕ, ನಮ್ ತೋಟದ್ದು ಸೀ ಜಾಸ್ತಿ’ ಅನ್ನುತ್ತಾನೆ. ನಾನು ಗೊನೆ ಒಳಗಿಡಿಸಿ ಅವನು ಎಲ್ಲಿ ಕೂರುತ್ತಾನೆ ಎಂದು ನೋಡುತ್ತೇನೆ. ಬಾಗಿಲ ಹತ್ತಿರ ಕೂತರೆ ಚಿಕ್ಕ ಕೆಲಸ. ನಮ್ಮವರ ಕುರ್ಚಿಯ ಪಕ್ಕಕ್ಕೇ ಎಳೆದುಕೊಂಡು ಕೂತರೆ ಇನ್ಯಾರಿಗೋ ತೊಂದರೆಯಾಗುವ ಕೆಲಸ. ಇದುವರೆಗೆ ನನ್ನ ಲೆಕ್ಕ ತಪ್ಪಿದ್ದು ಕಡಿಮೆ.

ನಮ್ಮ ಯಜಮಾನರು ರಾಜಕೀಯದಲ್ಲಿದ್ದಾರೆ. ಯಾವ ಪಕ್ಷ, ಯಾವ ಹುದ್ದೆ ಎಂದು ಬರೆಯುವುದಿಲ್ಲ. ನಮ್ಮ ಸುತ್ತಮುತ್ತ ಅವರಿಲ್ಲದೆ ಗುದ್ದಲಿಪೂಜೆ ಆಗುವುದಿಲ್ಲ ಅಂದರೆ ಸಾಕು. ನಾನು ಮದುವೆಯಾದಾಗ ಅವರು ಲೀಡರ್ ಆಗಿರಲಿಲ್ಲ. ತೋಟ, ಹೊಲ, ಹಸು ಇದ್ದ ಮನೆಯ ಮಗ, ಮಾತು ಕಡಿಮೆ. ಊರಿನ ಜಗಳ ಬಿಡಿಸಲು ಹೋಗುತ್ತಾ ಹೋಗುತ್ತಾ ಮಾತು ಕಲಿತರು, ಮಾತು ಕಲಿತ ಮೇಲೆ ಜನ ಬಿಡಲಿಲ್ಲ.

ಅವರ ಜೊತೆಗೆ ನಾನೂ ಕಲಿಯಬೇಕಾಯಿತು. ಮೊದಲ ಸಲ ವೇದಿಕೆ ಹತ್ತಿದಾಗ ದೀಪ ಹಚ್ಚಲು ಕೊಟ್ಟ ಮೇಣದ ಬತ್ತಿಯನ್ನು ಹಚ್ಚಿದ ಮೇಲೆ ಏನು ಮಾಡಬೇಕೋ ತಿಳಿಯದೆ ಕಾರ್ಯಕ್ರಮ ಮುಗಿಯುವವರೆಗೂ ಕೈಯಲ್ಲೇ ಹಿಡಿದು ಕೂತಿದ್ದೆ. ಆಮೇಲೆ ಕಲಿತೆ. ಹಾರ ಹಾಕಿದ ತಕ್ಷಣ ತೆಗೆಯಬಾರದು, ಫೋಟೊ ಆಗುವವರೆಗೆ ಕಾಯಬೇಕು. ಕುಂಕುಮಕ್ಕೆ ಕರೆದ ಎರಡು ಮನೆಗಳಲ್ಲಿ ಒಂದಕ್ಕೆ ಹೋಗಿ ಒಂದಕ್ಕೆ ಹೋಗದಿದ್ದರೆ ಅದು ಹೊಟ್ಟೆನೋವಲ್ಲ, ರಾಜಕೀಯ. ಊಟ ಎಲೆಗೆ ಬೀಳುವ ಮೊದಲೇ ‘ಸಾರು ಅಮೃತ ಕಣಮ್ಮ’ ಅಂದವನ ಮೇಲೆ ಒಂದು ಕಣ್ಣಿಟ್ಟಿರಬೇಕು. ಹೀಗೆ ಕಲಿಯುತ್ತಾ ಹೋದಂತೆ ಅನುಮಾನ ನನಗೆ ಅಭ್ಯಾಸವಾಯಿತು. ನಕ್ಕರೆ ಯಾಕೆ ನಕ್ಕರು, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾರೆ. ನನ್ನ ತಂಗಿಯೇ ಒಂದು ದಿನ ‘ನಿನ್ನ ಹಬ್ಬಕ್ಕೆ ಕರಿಯಾಕೂ ಭಯ ಕಣೇ’ ಅಂದಳು. ಅದನ್ನೂ ಯಾಕೆ ಅಂದಳು ಎಂದು ವಾರವೆಲ್ಲ ಯೋಚಿಸಿದೆ.

ಒಬ್ಬಳ ಮೇಲೆ ಮಾತ್ರ ನನಗೆ ಅನುಮಾನ ಇರಲಿಲ್ಲ. ಅವಳೂ ನಾನೂ ಅರಳಗುಪ್ಪೆಯ ಕಡೆ ಒಂದೇ ಊರಿನಲ್ಲಿ ಬೆಳೆದವರು. ನನ್ನನ್ನು ತುರುವೇಕೆರೆಯ ಹತ್ತಿರಕ್ಕೆ ಕೊಟ್ಟರು, ಅವಳನ್ನು ಮಾಯಸಂದ್ರದ ಆಚೆಗೆ. ಅವಳು ಅಲ್ಲಿ ಹೆಂಗಸರನ್ನು ಸೇರಿಸಿ ಹಾಲಿನ ಡೈರಿ ಕಟ್ಟಿದಳು. ಗಂಡಸರ ಡೈರಿ ಇರುವ ಊರಿನಲ್ಲಿ ಹೆಂಗಸರದ್ದು ಬೇರೆ ಕಟ್ಟುವುದೆಂದರೆ ಏನೆಂದು ಆ ಕಡೆಯವರಿಗೆ ಗೊತ್ತು. ನಮ್ಮವರು ಎಷ್ಟು ದೊಡ್ಡ ಲೀಡರ್ ಆದರೂ ಅವಳು ನಮ್ಮ ಮನೆಗೆ ಬರಿಗೈಯಲ್ಲಿ ಬರುತ್ತಿದ್ದಳು, ನೇರ ಅಡಿಗೆಮನೆಗೆ ನುಗ್ಗಿ ‘ಏನೇ, ಮುದ್ದೆ ಮಿಕ್ಕದಾ?’ ಅನ್ನುತ್ತಿದ್ದಳು. ನನಗೆ ಎಷ್ಟು ಸಮಾಧಾನವಾಗುತ್ತಿತ್ತು ಎಂದು ಹೇಳಲಾರೆ. ಇಡೀ ತಾಲ್ಲೂಕಿನಲ್ಲಿ ನನ್ನಿಂದ ಏನೂ ಬೇಡದವಳು ಅವಳೊಬ್ಬಳೇ ಅನ್ನಿಸುತ್ತಿತ್ತು.

ಒಂದು ಬೇಸಿಗೆಯಲ್ಲಿ ಅವಳು ಬರುವುದನ್ನು ನಿಲ್ಲಿಸಿದಳು. ಫೋನ್ ಮಾಡಿದರೆ ‘ಹಾಲಿನ ಟೈಮು’ ಅಂದು ಇಟ್ಟುಬಿಡುತ್ತಿದ್ದಳು. ತುರುವೇಕೆರೆಯ ಒಂದು ಮದುವೆಯಲ್ಲಿ ಎದುರಿಗೇ ಸಿಕ್ಕಳು. ತಾಂಬೂಲ ಹಂಚುವ ಕೆಲಸ ಅವಳ ಕೈಯಲ್ಲಿತ್ತು. ನನಗೆ ಕುಂಕುಮ ಕೊಟ್ಟು, ಕಾಯಿ ಕೊಟ್ಟು, ‘ತಗಳಿ ಅಮ್ಮಾವ್ರೇ’ ಅಂದಳು. ನನ್ನ ಮುಖ ನೋಡದೆ ಪಕ್ಕದವರ ಕಡೆಗೆ ಹೊರಳಿದಳು. ನಾನು ಆ ಕಾಯಿಯನ್ನು ಹಿಡಿದುಕೊಂಡು ಮದುವೆಮನೆಯ ಮಧ್ಯೆ ಪೆಚ್ಚಾಗಿ ನಿಂತೆ. ಯಾರೋ ನಮ್ಮಿಬ್ಬರ ಮಧ್ಯೆ ಕಡ್ಡಿ ಆಡಿಸಿದ್ದಾರೆ, ಯಾರೆಂದು ಹಿಡಿಯಲೇಬೇಕು ಅಂದುಕೊಂಡೆ. ಅವಳನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಅಲ್ಲಿಂದ ಮುಂದೆ ನೋಡಿದರೆ ವಿಚಿತ್ರಗಳು ಒಂದೊಂದಾಗಿ ಕಾಣತೊಡಗಿದವು. ಅರಳಗುಪ್ಪೆಯಲ್ಲಿ ದೇವರ ದರ್ಶನ ಮಾಡಿ ಹೊರಗೆ ಬಂದರೆ ಮುಖಪರಿಚಯ ಕೂಡ ಇಲ್ಲದ ಅಜ್ಜಿಯೊಬ್ಬರು ನನ್ನ ಕೈ ಹಿಡಿದುಕೊಂಡು, ‘ಈಗ ಹೆಂಗದವ್ವ ನಿನಗೆ? ಆಪರೇಸನ್ ಆಯ್ತಂತಲ್ಲ’ ಅಂದರು. ನನಗೆ ಹೆರಿಗೆಯಾಗಿದ್ದು ಬಿಟ್ಟರೆ ಆಸ್ಪತ್ರೆಯ ಮಂಚ ಗೊತ್ತಿಲ್ಲ. ಮಾಯಸಂದ್ರದಲ್ಲಿ ಬಳೆ ಅಂಗಡಿಗೆ ಹೋದರೆ ಅಂಗಡಿಯವನು ಬಳೆ ತೋರಿಸುವ ಬದಲು, ‘ಅಲ್ಲ ಅಮ್ಮಾವ್ರೇ, ನಮ್ಮೂರಿಗೆ ಬಸ್ ಸ್ಟಾಪ್ ಕಟ್ಟೋದು ಯಾಕ್ ಬ್ಯಾಡ ಅಂದ್ರಿ? ನಾವೇನ್ ಮಾಡಿದ್ವಿ ನಿಮಗೆ?’ ಅಂದ. ಯಾವ ಊರು, ಯಾವ ಬಸ್ ಸ್ಟಾಪ್? ನಾನು ಹಾಗೆ ಅಂದೆ ಎಂದು ಯಾರು ಹೇಳಿದರು ಎಂದು ಕೇಳಿದೆ. ‘ಎಲ್ಲಾರಿಗೂ ಗೊತ್ತಲ್ಲ’ ಅಂದ. ಬಳೆ ತೊಡದೆ ಎದ್ದು ಬಂದೆ.

ಮೊದಲು ಅನುಮಾನಪಟ್ಟಿದ್ದು ನಮ್ಮವರ ಫೋನ್ ನೋಡಿಕೊಳ್ಳುವ ಸಹಾಯಕನ ಮೇಲೆ. ಆ ಮನುಷ್ಯ ಯಾರೇ ಕೇಳಿದರೂ ಮೊದಲು ನಗುತ್ತಾನೆ, ಆಮೇಲೆ ಉತ್ತರ ಕೊಡುತ್ತಾನೆ. ಎರಡನೆಯದು ನನ್ನ ವಾರಗಿತ್ತಿಯ ಮೇಲೆ. ನಾನು ವೇದಿಕೆಯ ಮೇಲೆ ಕೂತಿದ್ದಾಗ ಕೆಳಗಿನಿಂದ ಅವಳು ನನ್ನ ಸೀರೆಯ ಅಂಚನ್ನೇ ನೋಡುವುದು ನನಗೆ ಮೇಲಿಂದ ಕಾಣುತ್ತದೆ. ಇವರಿಬ್ಬರನ್ನೂ ಪರೀಕ್ಷೆ ಮಾಡಲು ಒಂದು ಉಪಾಯ ಹೂಡಿದೆ. ಸಹಾಯಕನ ಹತ್ತಿರ ‘ಹಲ್ಲುನೋವು ಕಣಪ್ಪ, ತಡೆಯಾಕಾಗಲ್ಲ’ ಅಂದೆ. ವಾರಗಿತ್ತಿಯ ಹತ್ತಿರ ಬದನೆಕಾಯಿ ಬಿಡುವುದಾಗಿ ದೇವರಿಗೆ ಹರಕೆ ಹೊತ್ತಿದ್ದೇನೆ ಅಂದೆ. ಇಬ್ಬರಿಗೂ ಯಾರಿಗೂ ಹೇಳಬೇಡಿ ಎಂದು ಹೇಳಿದೆ, ಹಾಗೆ ಹೇಳಿದರೇ ತಾನೆ ಹರಡುವುದು. ಇನ್ನು ಊರಿನಿಂದ ನನ್ನ ಹಲ್ಲು ವಾಪಸ್ ಬರುತ್ತದೋ ಬದನೆಕಾಯಿ ವಾಪಸ್ ಬರುತ್ತದೋ ನೋಡೋಣ ಎಂದು ಕಾದೆ.

ಎರಡೂ ಬರಲಿಲ್ಲ. ಪಾಪ, ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ಸಹಾಯಕ ಲವಂಗದ ಎಣ್ಣೆ ತಂದುಕೊಟ್ಟ. ವಾರಗಿತ್ತಿ ತನ್ನ ಮನೆಯ ಊಟಕ್ಕೆ ಕರೆದಾಗ ನನಗೊಬ್ಬಳಿಗೆ ಬೇರೆ ಪಲ್ಯ ಮಾಡಿದ್ದಳು, ನನ್ನ ಎದುರಿಗೇ ಎಲ್ಲರೂ ಎಣ್ಣೆಗಾಯಿ ತಿಂದರು. ಆದರೆ ಅದೇ ಊಟದಲ್ಲಿ ಚಿಕ್ಕನಾಯಕನಹಳ್ಳಿಯಿಂದ ಬಂದಿದ್ದ ನೆಂಟರೊಬ್ಬರು ನನ್ನ ಪಕ್ಕ ಕೂತು ಕೇಳಿದರು: ‘ತಲೆಸುತ್ತು ಹೆಂಗದೆ? ಅದಕ್ಕೇ ಅಲ್ವಾ ನೀವಿಬ್ರೂ ನಮ್ ಗೃಹಪ್ರವೇಶಕ್ಕೆ ಬರ್ನಿಲ್ಲ?’ ತಲೆಸುತ್ತಿನ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಆ ಗೃಹಪ್ರವೇಶದ ವಿಷಯವೇ ನನ್ನ ಕಿವಿಗೆ ಬಿದ್ದಿರಲಿಲ್ಲ.

ಗುಟ್ಟು ರಟ್ಟಾದದ್ದು ಅವರೆಕಾಯಿ ಸುಲಿಯುವಾಗ. ಬೆಳಿಗ್ಗೆ ಹೊತ್ತು ನಮ್ಮವರು ಮುಂದಿನ ಪಡಸಾಲೆಯಲ್ಲಿ ಕೂತು ಬಂದವರ ಅಹವಾಲು ಕೇಳುತ್ತಾರೆ. ನಾನು ಆ ಹೊತ್ತಿಗೆ ಅಡಿಗೆಮನೆಯಲ್ಲಿರುತ್ತೇನೆ. ಅವತ್ತು ಒಳಗೆ ಒಲೆಯ ಸೆಕೆ ಎಂದು ಮೊರ ಹಿಡಿದುಕೊಂಡು ನಡುಮನೆಯ ಕಿಟಕಿಯ ಕೆಳಗೆ ಬಂದು ಕೂತೆ. ಹೊರಗೆ ಯಾರೋ ಕೈಮುಗಿದು ಏನನ್ನೋ ಕೇಳುತ್ತಿದ್ದರು. ನಮ್ಮವರ ದನಿ ಬೆಣ್ಣೆಯಂತೆ ಬಂತು.

‘ನಂದೇನೂ ಇಲ್ಲ ಕಣಪ್ಪ. ನಿನ್ ಕೆಲ್ಸ ಮಾಡ್ಬೇಕು ಅಂತ ನಂಗೂ ಅದೆ. ಮನೇಲಿ ಬ್ಯಾಡ ಅಂತಾರೆ. ಏನ್ ಮಾಡ್ಲಿ ಹೇಳು.’

ಬಂದವನು ‘ಓ, ಮನೇಲಾ…’ ಅಂದು ಎದ್ದುಹೋದ. ಅವರ ಮೇಲೆ ಅವನಿಗೆ ಬೇಸರವಾದಂತೆ ಕಾಣಲಿಲ್ಲ. ಬದಲಿಗೆ ಅಯ್ಯೋ ಪಾಪ ಅನ್ನುವ ಹಾಗೆ ಅವರನ್ನೊಮ್ಮೆ ನೋಡಿ ಹೋದ.

ನಮ್ಮ ಕಡೆ ಗಂಡಸರು ಹೆಂಡತಿಯ ಹೆಸರು ಹೇಳುವುದಿಲ್ಲ. ‘ಮನೇಲಿ’ ಅನ್ನುತ್ತಾರೆ. ‘ಮನೇಲಿ ತವರಿಗೆ ಹೋಗವ್ರೆ’, ‘ಮನೇಲಿ ಕೋಪ ಮಾಡ್ಕಂಡವ್ರೆ’. ಹೆಂಡತಿ ಎಂದು ಬಾಯಿಬಿಟ್ಟು ಹೇಳುವುದು ಒರಟು, ಹೆಸರು ಹಿಡಿಯುವುದು ನಾಚಿಕೆ, ಹಾಗಾಗಿ ನಾವೆಲ್ಲ ಮನೆಯೊಳಗೆ ಸೇರಿಕೊಂಡು ಮನೆಯೇ ಆಗಿಬಿಟ್ಟಿದ್ದೇವೆ. ಕೇಳಲು ಗೌರವದ ಮಾತು. ಹೊಸದಾಗಿ ಮದುವೆಯಾದಾಗ ಅವರ ಬಾಯಲ್ಲಿ ಅದನ್ನು ಕೇಳಿ ನಾನು ನಾಚಿಕೊಂಡಿದ್ದೆ. ಅವತ್ತು ಕಿಟಕಿಯ ಕೆಳಗೆ ಕೂತು ಕೇಳಿದಾಗ ಕೈಯಲ್ಲಿದ್ದ ಅವರೆಕಾಳು ಸಿಪ್ಪೆಯ ಕಡೆಗೆ ಬಿತ್ತು, ಸಿಪ್ಪೆ ಮೊರಕ್ಕೆ ಬಿತ್ತು. ಆ ಬಸ್ ಸ್ಟಾಪು, ಆಪರೇಷನ್ನು, ತಲೆಸುತ್ತು ಎಲ್ಲವೂ ಈ ಪಡಸಾಲೆಯಿಂದಲೇ ಹೊರಟಿದ್ದವು. ಊರೆಲ್ಲ ಹುಡುಕಿದ ಕಳ್ಳ ನನ್ನ ಕೈಯಿಂದಲೇ ಕಾಫಿ ಕುಡಿಯುತ್ತಿದ್ದ.

ಜನ ಹೋದ ಮೇಲೆ ಕೇಳಿದೆ. ಸುಳ್ಳು ಹೇಳುತ್ತಾರೆ ಅಂದುಕೊಂಡಿದ್ದೆ, ಹೇಳಲಿಲ್ಲ. ಚಪ್ಪಲಿ ಮೆಟ್ಟುತ್ತಾ ನಕ್ಕರು.

‘ಅದ್ಕೇನೀಗ? ನಾನು ಬ್ಯಾಡ ಅಂದ್ರೆ ಒಂದ್ ಮನೆ ಓಟು ಹೋಯ್ತದೆ. ನೀನು ಬ್ಯಾಡ ಅಂದ್ರೆ ಏನ್ ಹೋಯ್ತದೆ?’

ಅವರು ಅದನ್ನು ಕೆಟ್ಟತನದಿಂದ ಕೇಳಿರಲಿಲ್ಲ. ನಿಜವಾಗಿ ಏನೂ ಹೋಗುವುದಿಲ್ಲ ಎಂದು ನಂಬಿಕೊಂಡೇ ಕೇಳಿದ್ದರು. ಅದಕ್ಕೇ ಹೆಚ್ಚು ಸಿಟ್ಟು ಬಂತು. ‘ಮನೇಲಿ ಕೇಳಿ ಮಾಡ್ತಾನೆ ಅಂದ್ರೆ ನಿಂಗೇ ಮರ್ವಾದೆ ಅಲ್ವೇನೇ’ ಎಂದು ಬೇರೆ ಅಂದರು. ನಾನು ನನ್ನ ಗೆಳತಿಯ ವಿಷಯ ಕೇಳಿದೆ. ಅವಳು ಏನು ಕೇಳಲು ಬಂದಿದ್ದಳು? ಆಗ ನಗು ಸ್ವಲ್ಪ ಕಡಿಮೆಯಾಯಿತು.

ಅವಳ ಊರಿನಲ್ಲಿ ಮಕ್ಕಳಿಲ್ಲದೆ ಮುಚ್ಚಿದ ಶಾಲೆಯ ಕೋಣೆಯೊಂದು ಖಾಲಿ ಇತ್ತಂತೆ. ಹೆಂಗಸರು ಹಾಲಿನ ಕ್ಯಾನ್ ಇಟ್ಟುಕೊಂಡು ಅವಳ ಮನೆಯ ಜಗಲಿಯ ಮೇಲೆ, ಬಿಸಿಲಲ್ಲಿ, ಹಾಲು ಅಳೆಯುತ್ತಿದ್ದರು. ಆ ಕೋಣೆಯನ್ನು ಡೈರಿಗೆ ಕೊಡಿಸಿ ಎಂದು ಕೇಳಲು ಅವಳು ಬಂದಿದ್ದಳು. ಆವತ್ತು ನಾನು ತವರಿನಲ್ಲಿದ್ದೆ. ನಮ್ಮವರು ಕೊಡಿಸುತ್ತೇನೆ ಅಂದರು. ಆಮೇಲೆ ಅದೇ ಕೋಣೆಗೆ ಒತ್ತಿಕೊಂಡಿರುವ ತೋಟದ ಸಾಹುಕಾರರೊಬ್ಬರು ಕಾಯಿ ರಾಶಿ ಹಾಕಲು ಅದು ತಮಗೆ ಬೇಕು ಅಂದರು. ಅವರು ಚುನಾವಣೆಯಲ್ಲಿ ಓಡಾಡುವವರು. ನಮ್ಮವರು ಅವರಿಗೂ ಹೂಂ ಅಂದರು. ಗೆಳತಿ ಮತ್ತೆ ಬಂದಾಗ, ‘ಮನೇಲಿ ಯಾಕೋ ಬ್ಯಾಡ ಅಂತಾರೆ ಕಣಮ್ಮ’ ಅಂದು ಕಳಿಸಿದರು. ಅವಳು ಅಡಿಗೆಮನೆಯ ಕಡೆ ಒಂದು ಸಲ ತಿರುಗಿ ನೋಡಿ ಹೋದಳಂತೆ. ನಾನು ಅಡಿಗೆಮನೆಯಲ್ಲೇ ಇದ್ದೆ.

ಮಾರನೆಯ ದಿನ ಮಾಯಸಂದ್ರದ ಬಸ್ ಹತ್ತಿದೆ. ಕಾರಿನಲ್ಲಿ ಹೋದರೆ ಡ್ರೈವರ್ ಯಾರಿಗೆ ಏನು ಹೇಳುತ್ತಾನೋ ಅನ್ನುವ ಅನುಮಾನ. ಬಸ್ಸಿನಲ್ಲಿ ಕಿಟಕಿಯ ಪಕ್ಕದವರು ಎದ್ದು ಜಾಗ ಬಿಟ್ಟುಕೊಟ್ಟರು, ಅದಕ್ಕೂ ಅನುಮಾನ ಬಂತು. ಸಂಜೆ ಹಾಲಿನ ಹೊತ್ತಿಗೆ ಅವಳ ಜಗಲಿ ಮುಟ್ಟಿದೆ. ಹೆಂಗಸರು ಸೆರಗಿನ ಕೆಳಗೆ ಚೊಂಬು ಮುಚ್ಚಿಕೊಂಡು ಸಾಲು ನಿಂತಿದ್ದರು. ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಅವಳು ಒಬ್ಬೊಬ್ಬರ ಹಾಲು ಅಳೆದು ಮುಗಿಸುವವರೆಗೂ ನನಗೆ ಕೂರಿ ಎನ್ನಲಿಲ್ಲ. ಎಲ್ಲರೂ ಹೋದ ಮೇಲೆ ಹೇಳಿದೆ: ‘ನಾನು ಆ ಮಾತು ಅನ್ನಲೇ ಇಲ್ಲ ಕಣೇ. ನಂಗೆ ಗೊತ್ತೇ ಇರ್ನಿಲ್ಲ. ಅವರೇ ಹೇಳ್ಕಂಡವ್ರೆ.’

ಅವಳು ಅಳತೆಯ ಪಾತ್ರೆಯನ್ನು ನೀರಿನಲ್ಲಿ ಅಲ್ಲಾಡಿಸಿ ಬೋರಲು ಹಾಕಿದಳು.

‘ಇಲ್ಲಿ ಯಾರೂ ಇಲ್ದಾಗ ನಂಗೆ ಹೇಳಿದ್ರೆ ಏನ್ ಬಂತು? ನೀನು ಬ್ಯಾಡ ಅಂದೆ ಅಂತ ಊರೆಲ್ಲಾ ಅದೆ. ನಮ್ ಹೆಂಗಸ್ರೂ ನನ್ನೇ ಕೇಳ್ತಾರೆ, ನಿನ್ ಫ್ರೆಂಡು ಯಾಕಂಗ್ ಮಾಡಿದ್ಲು ಅಂತ. ಅವ್ರಿಗೆ ನಾನೇನ್ ಹೇಳ್ಲಿ? ಹೇಳೋದಾದ್ರೆ ಎಲ್ಲಾರೂ ಇದ್ದಾಗ ಹೇಳು, ನಿಮ್ಮವ್ರೂ ಇದ್ದಾಗ ಹೇಳು.’

ಕಾಫಿ ಕೊಡಲಿಲ್ಲ. ನಾನೂ ಕೇಳಲಿಲ್ಲ. ಬಸ್ಸಿಗೆ ಕಾಯುವಾಗ ಅಳು ಬಂತು, ನಂತರ ಅಳುವುದನ್ನು ಯಾರಾದರೂ ನೋಡಿ ‘ಮನೇಲಿ ಹುಷಾರಿಲ್ಲ’ ಎಂದು ಸುದ್ದಿ ಮಾಡಿಯಾರು ಎಂದು ಕಣ್ಣು ಒರೆಸಿಕೊಂಡೆ.

ಅವಕಾಶ ತಾನಾಗಿ ಬಂತು. ಅವಳ ಊರಿನಲ್ಲಿ ಸಿಮೆಂಟ್ ರಸ್ತೆಯ ಪೂಜೆ. ಶಾಮಿಯಾನ, ಮೈಕು, ವೇದಿಕೆಯ ಮೇಲೆ ನಮ್ಮವರು, ಅವರ ಪಕ್ಕ ತೋಟದ ಸಾಹುಕಾರರು, ಕೊನೆಯ ಕುರ್ಚಿಯಲ್ಲಿ ನಾನು. ಗೆಳತಿ ಹೆಂಗಸರ ಜೊತೆ ಕೆಳಗೆ, ಹಿಂದಿನ ಸಾಲಿನಲ್ಲಿದ್ದಳು. ನಮ್ಮವರ ಭಾಷಣ ಮುಗಿಯುವ ಹೊತ್ತಿಗೆ ಹೆಂಗಸರ ಮಧ್ಯದಿಂದ ವಯಸ್ಸಾದವರೊಬ್ಬರು ಎದ್ದು ನಿಂತು, ‘ಸ್ಕೂಲ್ ರೂಮು ಏನ್ ಮಾಡಿದ್ರಿ ಸಾಮಿ?’ ಎಂದು ಕೂಗಿದರು. ನಮ್ಮವರು ಮೈಕ್ ಹಿಡಿದೇ ನಕ್ಕರು.

‘ನಾನು ಇವತ್ತೇ ಕೊಡೋಕೆ ರೆಡಿ ಕಣವ್ವ. ಮನೇಲಿ ಒಂದ್ ಮಾತು ಕೇಳ್ಬೇಕಲ್ಲ.’

ಗಂಡಸರು ಗೊಳ್ಳೆಂದು ನಕ್ಕರು. ಈ ಮಾತಿಗೆ ನಮ್ಮ ಕಡೆ ಯಾವಾಗಲೂ ನಗು ಸಿಗುತ್ತದೆ. ಹೆಂಗಸರು ನಗಲಿಲ್ಲ, ಎಲ್ಲರೂ ನನ್ನನ್ನೇ ನೋಡಿದರು. ಗೆಳತಿ ಮಾತ್ರ ನೆಲ ನೋಡುತ್ತಿದ್ದಳು. ಎದ್ದೆ. ನಾನು ಬಚ್ಚಲಿಗೋ ಎಲ್ಲಿಗೋ ಹೋಗುತ್ತೇನೆ ಅಂದುಕೊಂಡು ಸಾಹುಕಾರರು ಕಾಲು ಒಳಗೆಳೆದುಕೊಂಡು ದಾರಿ ಬಿಟ್ಟರು. ನಮ್ಮವರ ಕೈಯಿಂದ ಮೈಕ್ ತೆಗೆದುಕೊಂಡೆ. ಅವರು ಕೊಡುವುದೋ ಬೇಡವೋ ಎಂದು ಒಂದು ಗಳಿಗೆ ಹಿಡಿದುಕೊಂಡೇ ಇದ್ದರು, ಆಮೇಲೆ ಬಿಟ್ಟರು.

‘ಮನೇಲಿ ಅಂದ್ರೆ ನಾನು,’ ಅಂದೆ. ಮೈಕು ಕಿರುಚಿತು. ‘ರೂಮಿನ ವಿಷಯ ಇವತ್ತಿನವರೆಗೆ ನನ್ನ ಯಾರೂ ಕೇಳಿಲ್ಲ. ನಾನು ಬ್ಯಾಡ ಅಂದಿಲ್ಲ. ಬಸ್ ಸ್ಟಾಪೂ ಬ್ಯಾಡ ಅಂದಿಲ್ಲ. ನಂಗೆ ತಲೆಸುತ್ತೂ ಇಲ್ಲ. ಇವತ್ತು ಎಲ್ಲಾರ ಎದ್ರಿಗೂ ಕೇಳವ್ರೆ, ಅದಕ್ಕೆ ಹೇಳ್ತೀನಿ. ರೂಮು ಡೈರಿಗೆ ಕೊಡಿ.’

ಇನ್ನೂ ಏನೇನೋ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಹೆಂಗಸರ ಕಡೆಯಿಂದ ಚಪ್ಪಾಳೆ ಎದ್ದಿತು. ನಮ್ಮವರು ರಾಜಕೀಯದಲ್ಲಿ ಇಷ್ಟು ದಿನ ಸುಮ್ಮನೆ ಕೂತಿಲ್ಲ. ಮುಖ ಒಂದು ಕ್ಷಣ ಕಪ್ಪಿಟ್ಟಿದ್ದು ನನಗೊಬ್ಬಳಿಗೇ ಕಂಡಿರಬೇಕು. ಮರುಕ್ಷಣ ಕೈಯೆತ್ತಿ, ‘ಆಯ್ತು ಕಣ್ರಪ್ಪ, ಮನೇಲಿ ಹೇಳಿದ ಮೇಲೆ ಮುಗೀತು!’ ಅಂದರು. ಈಗ ಗಂಡಸರೂ ಚಪ್ಪಾಳೆ ತಟ್ಟಿದರು. ಸಾಹುಕಾರರ ಕಡೆ ಬಾಗಿ ಕಿವಿಯಲ್ಲಿ ಏನೋ ಅಂದರು. ಪಕ್ಕದಲ್ಲೇ ಇದ್ದ ನನಗೆ ಕೇಳಿಸಿತು: ‘ನಾನೇನ್ ಮಾಡ್ಲಿ ಗೌಡ್ರೇ, ಮನೇಲಿ ಕೇಳ್ಬೇಕಲ್ಲ.’ ನಾನು ‘ಹೂಂ’ ಅಂದದ್ದೂ ಅವರ ಕೈಗೆ ಹೋದ ಕೂಡಲೇ ಇನ್ನೊಬ್ಬರಿಗೆ ಹೇಳುವ ‘ಇಲ್ಲ’ ಆಯಿತು.

ಕಾರು ಮನೆ ಹತ್ತಿರ ಬಂದಾಗ ‘ಚೆನ್ನಾಗೇ ಮಾತಾಡ್ತೀಯ ನೀನು’ ಅಂದರು. ಹೊಗಳಿದ್ದೋ ಎಚ್ಚರಿಸಿದ್ದೋ ಇಂದಿಗೂ ತಿಳಿಯದು. ಅಂದಿನಿಂದ ಬೆಳಿಗ್ಗೆ ನಾನು ಪಡಸಾಲೆಯಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂರುತ್ತೇನೆ. ತರಕಾರಿ ಅಲ್ಲೇ ಹೆಚ್ಚುತ್ತೇನೆ. ಬಂದವರು ಏನು ಕೇಳಿದರು, ಇವರು ಏನು ಹೇಳಿದರು ಎಲ್ಲವೂ ಕಿವಿಗೆ ಬೀಳಬೇಕು. ನಾನು ಕೂತಾಗ ಅವರು ‘ಮನೇಲಿ’ ಅನ್ನುವುದಿಲ್ಲ, ‘ಪಾರ್ಟೀಲಿ ಕೇಳ್ಬೇಕು’ ಅನ್ನುತ್ತಾರೆ. ಪಾರ್ಟಿಯವರ ಕಷ್ಟ ಪಾರ್ಟಿಯವರಿಗೆ.

ಕೋಣೆಯ ಬೀಗದ ಕೈ ಹೆಂಗಸರಿಗೆ ಸಿಕ್ಕಿತು ಎಂದು ತಿಳಿಯಿತು. ಗೆಳತಿ ಬರುತ್ತಾಳೆಂದು ಕಾದೆ. ಪ್ರತಿ ಬೆಳಿಗ್ಗೆ ಗೇಟಿನ ಸದ್ದಾದರೆ ತಲೆಯೆತ್ತುತ್ತಿದ್ದೆ, ಎಳನೀರು ಹಿಡಿದ ಇನ್ಯಾರೋ ಇರುತ್ತಿದ್ದರು. ಕೊನೆಗೆ ಒಂದು ಮಧ್ಯಾಹ್ನ ಫೋನ್ ಬಂತು. ಹಿಂದಿನಿಂದ ಕ್ಯಾನ್ ಉರುಳುವ ಸದ್ದು, ಖಾಲಿ ಕೋಣೆಯಲ್ಲಿ ದನಿ ಮೊಳಗುವ ಸದ್ದು. ಹೊಸ ಜಾಗದಿಂದ ಮಾಡಿದ್ದಾಳೆ ಎಂದು ಗೊತ್ತಾಗಿ ನನಗೆ ಸಂತೋಷವಾಯಿತು. ನೆರಳಾಗಿದೆ, ಹಾಲು ಒಡೆಯುವುದು ನಿಂತಿದೆ ಅಂದಳು. ಆಮೇಲೆ ದನಿ ತಗ್ಗಿಸಿದಳು.

‘ಒಂದ್ ಕೇಳ್ಲಾ? ಬೇಜಾರ್ ಮಾಡ್ಕಬ್ಯಾಡ. ಆವತ್ತು ಮೈಕ್ ಕಿತ್ಕಂಡು ಮಾತಾಡಿದ್ಯಲ್ಲ, ಎಲ್ಲಾರೂ ಚಪ್ಪಾಳೆ ಹೊಡ್ದ್ರು. ನಿಮ್ಮವ್ರಿಗೂ ಒಳ್ಳೆ ಹೆಸ್ರು ಬಂತು. ಅದು… ಮನೇಲಿ ಇಬ್ರೂ ಮಾತಾಡ್ಕಂಡೇ ಬಂದಿದ್ರಾ?’

‘ಇಲ್ಲ ಕಣೇ’ ಅಂದೆ.

‘ಸರಿ ಬುಡು’ ಅಂದಳು.

ಅವಳ ಜಾಗದಲ್ಲಿ ನಾನಿದ್ದಿದ್ದರೆ ನಂಬುತ್ತಿರಲಿಲ್ಲ.